ದೀಪದ ಹೊತ್ತಿಗೆ ಮುಚ್ಚಿದ ಬಾಗಿಲು

“ಇವನಿಗೆ ಪ್ಲೇಟ್ ಕೊಡಬೇಡಿ,” ಎಂದ ಶ್ರೀಕರ್. “ಹೆಣ ಬಿದ್ದ ಕಡೆ ವಾಸನೆ ಹಿಡ್ಕೊಂಡು ಬರೋನು ಇವನು. ಹೈಸ್ಕೂಲ್ ಮುಗಿಸೋ ಯೋಗ್ಯತೆ ಇಲ್ಲ, ಡಿಟೆಕ್ಟಿವ್ ಅಂತೆ. ಹಸಿವಾಗಿದ್ರೆ ಒಂದು ಡಬ್ಬಿಗೆ ಹಾಕಿ ಪಾರ್ಕಿಂಗ್ ಲಾಟ್‌ಗೆ ಕಳಿಸಿ.”

ಅವನು ಕೂಗಲಿಲ್ಲ. ಶ್ರದ್ಧಾಂಜಲಿ ಹೇಳಿ ಮುಗಿಸಿದ ಮೈಕು ಇನ್ನೂ ಕೈಯಲ್ಲೇ ಇತ್ತು. ಆಫ್ ಮಾಡಲು ಮರೆತನೋ, ಬೇಕೆಂದೇ ಬಿಟ್ಟನೋ, ಈಸ್ಟ್ ಬ್ರನ್ಸ್‌ವಿಕ್‌ನ ಆ ಬಾಡಿಗೆ ಹಾಲಿನ ಸ್ಪೀಕರುಗಳು ಒಂದಕ್ಷರ ಬಿಡದೆ ಎಲ್ಲರಿಗೂ ಬಡಿಸಿದವು.

ಗೋಧಿ ಹುಗ್ಗಿಗೆ ಸಾಲು ನಿಂತವರು ತಿರುಗಿ ನೋಡಿದರು. ನೋಡಿ, ಮತ್ತೆ ಮುಂದಕ್ಕೆ ತಿರುಗಿದರು. ಡಾಕ್ಟರುಗಳು, ಎಂಜಿನಿಯರುಗಳು, ಕನ್ನಡ ಸಂಘದ ಹಾಲಿ ಮಾಜಿ ಪದಾಧಿಕಾರಿಗಳು. ಅಷ್ಟು ಜನರಲ್ಲಿ ಒಬ್ಬನ ಗಂಟಲಿನಿಂದಲೂ ‘ಹಾಗನ್ನಬೇಡಪ್ಪ’ ಎಂಬ ಒಂದು ಮಾತು ಹೊರಡಲಿಲ್ಲ. ಅವಮಾನ ಬೇರೆಯವನದಾದರೆ ಮರ್ಯಾದಸ್ಥರ ಊಟ ಕೆಡುವುದಿಲ್ಲ.

ಅಮರೇಶ್ವರನ ಕಿವಿ ಕಾದು ಕೆಂಪಾದವು. ಮೆಟುಚೆನ್ ಸ್ಟೇಷನ್ ಎದುರಿನ ಕ್ಷಮಾ ಮೇಡಂ ಅವರ ಪತ್ತೇದಾರಿ ಆಫೀಸಿನಲ್ಲಿ ಅವನಿಗೆ ಕೆಲಸ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು. ಯಾರ ಮೇಲೂ ಕೈ ಎತ್ತಬಾರದು. ಅವನು ಕೈಯನ್ನು ಜೇಬಿಗೆ ತುರುಕಿ ಶ್ರೀಕರನ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಶ್ರೀಕರನ ಪಕ್ಕದಲ್ಲಿದ್ದ ಅವನ ಹೆಂಡತಿಯನ್ನು ನೋಡಿದ. ಅನುಶ್ರೀ, ಸತ್ತವನ ಒಬ್ಬಳೇ ಮಗಳು, ಗಂಡನ ತೋಳು ಹಿಡಿದು ನೆಲ ನೋಡುತ್ತಿದ್ದಳು. ಗಂಡನ ಮಾತಿಗೆ ನಾಚಿದಳೆಂದು ಅಮರೇಶ್ವರ ಅಂದುಕೊಂಡ.

ಮೊಣಕೈಗೆ ಯಾರೋ ಕೈ ಹಾಕಿದರು. ಪದ್ಮಜಾ, ಸತ್ತವನ ತಂಗಿ, ಅವನನ್ನು ಈ ಕೆಲಸಕ್ಕೆ ಕರೆದವಳು.

“ನಡಿ, ಕಾರಿನಾಗ ಕುಂಡ್ರೋಣು,” ಎಂದಳು. “ಇಲ್ಲಿ ನಿಂತ್ರ ನೀ ಒಂದು ಮಾಡತಿ, ಅದು ಇನ್ನೊಂದಾಗ್ತದ.”

ಶಶಿಧರ ಶಿರೂರ ತನ್ನದೇ ಟೌನ್‌ಹೌಸಿನ ಹಿಂದೆ, ಮರದ ಜಗಲಿಯಂಥ ಎತ್ತರದ ಡೆಕ್ಕಿನ ಕೆಳಗೆ, ಹಿಮದಲ್ಲಿ ಸತ್ತು ಬಿದ್ದಿದ್ದ. ಕಾಲು ಜಾರಿ ಬಿದ್ದು ಸಾವು ಎಂದು ಪೊಲೀಸರು ಬರೆದು ಮುಗಿಸಿದ್ದರು. ಆದರೆ ಅವನು ಡೆಕ್ಕಿಗೆ ಹೋದಮೇಲೆ ಹಿಂದಿನ ಬಾಗಿಲು ತಾನಾಗಿಯೇ ಬೀಗ ಹಾಕಿಕೊಂಡಿತ್ತು ಎಂಬುದನ್ನು ಅಮರೇಶ್ವರ ಹೋದ ವಾರ ಕಂಡುಹಿಡಿದಿದ್ದ.

ಕಾರಿನ ಹೀಟರು ಗೊರಗೊರ ಎನ್ನುತ್ತಿತ್ತು. ಪಾರ್ಕಿಂಗ್ ಲಾಟಿನ ಅಂಚಿಗೆ ಒತ್ತರಿಸಿದ ಹಿಮ ಉಪ್ಪು, ಮಣ್ಣು ಸೇರಿ ಕಪ್ಪಾಗಿತ್ತು. ಪದ್ಮಜಾ ತನ್ನ ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟಳು.

“ಒಂದು ಮಾತು ನೆನಪಿಡು. ಅವ್ವಗ ಇನ್ನೂ ಹೇಳಿಲ್ಲ. ಶಶಿ ಆಫೀಸ್ ಕೆಲಸಕ್ಕ ಜರ್ಮನಿಗೆ ಹೋಗ್ಯಾನ ಅಂತ ಹೇಳೀವಿ. ಆಕಿ ಹಾರ್ಟು ಮೊದಲಽ ಸರಿ ಇಲ್ಲ. ಗೊತ್ತಾದ್ರ ಆಕಿ ಉಳಿಯಂಗಿಲ್ಲ, ಅಮರ್.”

ಅವನು ತಲೆಯಾಡಿಸಿದ. ಮುದುಕಿಯೊಬ್ಬಳಿಗೆ ಸುಳ್ಳು ಹೇಳುವುದರಲ್ಲಿ ಇಡೀ ಹಾಲಿನ ಜನ ಒಂದಾಗಿದ್ದರು. ಅದನ್ನು ಪ್ರೀತಿ ಎನ್ನಬೇಕೋ ಹೇಡಿತನ ಎನ್ನಬೇಕೋ ಅವನಿಗೆ ತಿಳಿಯಲಿಲ್ಲ.

ಶಶಿಧರನಿಗೆ ಕಂಪನಿಗಳ ಕ್ಲೌಡ್ ಎಂದರೆ ಆಗುತ್ತಿರಲಿಲ್ಲ. ತನ್ನ ಮನೆಯ ಫೋಟೊ, ತನ್ನ ಮನೆಯ ಕ್ಯಾಮರಾ, ತನ್ನ ಮನೆಯ ಬೀಗ ಯಾವನದೋ ಕಂಪ್ಯೂಟರಿನಲ್ಲಿ ಯಾಕಿರಬೇಕು ಎನ್ನುತ್ತಿದ್ದನಂತೆ. ಅದಕ್ಕೇ ಬೇಸ್‌ಮೆಂಟಿನಲ್ಲಿ ತನ್ನದೇ ಒಂದು ಸಣ್ಣ ಸರ್ವರ್ ಇಟ್ಟಿದ್ದ. ದೀಪ, ಬೀಗ, ಹೀಟಿಂಗು ಎಲ್ಲಾ ಅದರ ಕೈಯಲ್ಲಿ. ಹೊರಗಿನಿಂದ ಅದನ್ನು ಮುಟ್ಟಲು ದಾರಿಯೇ ಇಲ್ಲದಂತೆ ಮಾಡಿ, ಒಂದು ಖಾಸಗಿ ನೆಟ್‌ವರ್ಕನ್ನು ಮಾತ್ರ ಬಿಟ್ಟಿದ್ದ. ಆ ನೆಟ್‌ವರ್ಕಿಗೆ ಸೇರಿಸಿದ ಫೋನು, ಟ್ಯಾಬು, ಲ್ಯಾಪ್‌ಟಾಪುಗಳ ಒಳಗೇ ಅವುಗಳ ಕೀಲಿ ಇರುತ್ತದೆ. ಕೀಲಿ ಇದ್ದ ಸಾಧನ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಮನೆಯ ಒಳಗೇ ಇದ್ದಂತೆ. ಇಲ್ಲದವರಿಗೆ ಆ ಮನೆ ಕಣ್ಣಿಗೂ ಕಾಣುವುದಿಲ್ಲ. ಮನೆಯವರ ಫೋಟೊ ನೋಡಲಿ ಎಂದು ತಂಗಿಗೂ ಒಂದು ಕೀಲಿ ಕೊಟ್ಟಿದ್ದ. ಅಮರೇಶ್ವರ ಆ ಮನೆಯೊಳಗೆ ಕಾಲಿಟ್ಟಿದ್ದು ಅದೇ ಕೀಲಿಯಿಂದ.

ಬೀಗದ ಕತೆ ಇನ್ನೂ ವಿಚಿತ್ರ. ದೀಪ ಹಚ್ಚುವ ಹೊತ್ತಿಗೆ ಮನೆಯ ಹಿಂದಿನ ಬಾಗಿಲು ಹಾಕಿರಬೇಕು, ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಬಿಡಬಾರದು. ಶಶಿಧರನ ತಾಯಿ ರುದ್ರಮ್ಮ ಹುಬ್ಬಳ್ಳಿಯಲ್ಲೂ ಹಾಗೇ ಮಾಡಿದವಳು, ಈಸ್ಟ್ ಬ್ರನ್ಸ್‌ವಿಕ್‌ನಲ್ಲೂ ಹಾಗೇ ಮಾಡಿದವಳು. ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಬ್ರಿಡ್ಜ್‌ವಾಟರ್‌ನ ರಿಹ್ಯಾಬ್ ಸೆಂಟರಿಗೆ ಸೇರಿದ ಮೇಲೆ, ಮನೆಯಲ್ಲಿ ದೀಪ ಹಚ್ಚುವವರಿಲ್ಲ ಎಂದು ಊಟ ಬಿಟ್ಟು ಕೂತಳಂತೆ. ಆಗ ಮಗ ಅವಳ ಟ್ಯಾಬಿಗೆ ಒಂದು ದೀಪದ ಚಿತ್ರ ಹಾಕಿಕೊಟ್ಟ. ಅವಳು ಅಲ್ಲಿ ಮಂಚದ ಮೇಲೆ ಕೂತು ಆ ಚಿತ್ರ ಮುಟ್ಟಿದರೆ ಇಲ್ಲಿ ಪೂಜೆಯ ಕೋಣೆಯಲ್ಲಿ ಬಲ್ಬಿನ ದೀಪ ಹೊತ್ತಿಕೊಳ್ಳುತ್ತದೆ, ಮುಂದೆ ಪೋರ್ಚಿನ ಲೈಟು ಬರುತ್ತದೆ, ಹಿಂದೆ ಡೆಕ್ಕಿನ ಬಾಗಿಲಿಗೆ ಬೀಗ ಬೀಳುತ್ತದೆ.

“ಅಣ್ಣ ಅದಽ ಹೊತ್ತಿಗೆ ಹೊರಗ ಸಿಗರೇಟು ಸೇದತಿದ್ದಾ,” ಎಂದಳು ಪದ್ಮಜಾ. “ದಿನಾ. ಒಳಗ ಬರಾಕ ಅಂತ ಡೆಕ್ಕಿನ ಕಟಕಟಿ ಕೆಳಗ ಒಂದು ಬಟನ್ ಅಂಟಿಸಿದ್ದಾ. ಒತ್ತಿದ್ರ ಬಾಗಲಾ ತೆಗೀತಿತ್ತು. ನನಗ ತೋರಿಸಿ ನಕ್ಕಿದ್ದಾ, ‘ಅವ್ವ ಹಾಕ್ತಾಳ, ನಾ ತೆಗೀತೀನಿ’ ಅಂತ.”

ಅಮರೇಶ್ವರನ ಬೆರಳು ನಿಂತಿತು. ಬಟನ್ನಿನ ಸಂಗತಿ ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಸರ್ವರಿನ ದಾಖಲೆಯಲ್ಲಿ ಆ ಸಂಜೆಯನ್ನು ಹುಡುಕಿದ. ದೀಪ ಹೊತ್ತಿತ್ತು. ಬೀಗ ಬಿದ್ದಿತ್ತು. ಅದರ ಕೆಳಗೆ ಒಂದೇ ಸಾಲು ಮತ್ತೆ ಮತ್ತೆ.

ಡೆಕ್ ಬಟನ್ ಒತ್ತಲಾಗಿದೆ. ಕೆಲಸ: ಇಲ್ಲ.

ಡೆಕ್ ಬಟನ್ ಒತ್ತಲಾಗಿದೆ. ಕೆಲಸ: ಇಲ್ಲ.

ಅವನು ಕೆಳಗೆ ಸರಿಸಿದ. ಮುಗಿಯಲಿಲ್ಲ. ಮೊದಮೊದಲು ಸಾಲುಗಳ ನಡುವೆ ಬಿಡುವಿತ್ತು, ಸಿಗರೇಟು ಹಿಡಿದವನ ನಿಧಾನವಿತ್ತು. ಆಮೇಲೆ ಒಂದರ ಬೆನ್ನಿಗೆ ಒಂದು, ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲದಂತೆ. ಕೊನೆಕೊನೆಗೆ ಮತ್ತೆ ದೂರ ದೂರ. ಬೆರಳು ಮರಗಟ್ಟಿದವನು ಒತ್ತುವ ಹಾಗೆ. ಆಮೇಲೆ ಇಲ್ಲ.

ಬೇಸ್‌ಮೆಂಟಿನ ಆ ಪೆಟ್ಟಿಗೆ ಪ್ರತಿಯೊಂದನ್ನೂ ಕೇಳಿಸಿಕೊಂಡಿತ್ತು. ಕೇಳಿಸಿಕೊಂಡು ಬರೆದಿಟ್ಟುಕೊಂಡಿತ್ತು. ಏನು ಮಾಡಬೇಕೆಂದು ಮಾತ್ರ ಅದಕ್ಕೆ ಯಾರೂ ಹೇಳಿರಲಿಲ್ಲ.

ಪದ್ಮಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಆ ದಾಖಲೆ ಓದಲು ಯಾರ ಸಹಾಯವೂ ಬೇಕಿರಲಿಲ್ಲ. ಫೋನು ಒಳಗೆ ಚಾರ್ಜಿಗಿತ್ತು ಎಂದು ಪೊಲೀಸರು ಹೇಳಿದ್ದು ಅವಳಿಗೆ ಈಗ ಅರ್ಥವಾಯಿತು. ಆ ಡೆಕ್ಕಿಗೆ ಮೆಟ್ಟಿಲಿಲ್ಲ. ಹಿಮ ಬೀಳುವಾಗ ಎಲ್ಲಾ ಮನೆಗಳ ಕಿಟಕಿ ಬಿಗಿಯಾಗಿ ಮುಚ್ಚಿರುತ್ತವೆ. ಬರೀ ಅಂಗಿಯಲ್ಲಿ ಹೊರಗೆ ಹೋದವನು ಕೂಗಿರಬೇಕು, ಕೂಗಿ ಸಾಕಾಗಿ ಕಟಕಟೆ ಹತ್ತಿ ಇಳಿಯಲು ನೋಡಿರಬೇಕು.

“ಆ ಬಟನ್ನಿನ ಕೆಲಸ ಯಾರು ತೆಗೆದ್ರು?” ಎಂದಳು.

ಅವನು ಹಿಂದಕ್ಕೆ ಹೋದ. ಅದೇ ದಿನ ಮಧ್ಯಾಹ್ನ. ಬಟನ್ನಿನ ಕೆಲಸ ಅಳಿಸಿದ್ದು ಮನೆಯೊಳಗಿನಿಂದ ಅಲ್ಲ, ಖಾಸಗಿ ನೆಟ್‌ವರ್ಕಿನ ಮೂಲಕ ಹೊರಗಿನಿಂದ. ಅಳಿಸಿದ ಸಾಧನದ ಹೆಸರು: ಅವ್ವ.

ಪದ್ಮಜಾ ಬಾಗಿ ಆ ಹೆಸರನ್ನು ಇನ್ನೊಮ್ಮೆ ಓದಿದಳು.

“ಅವ್ವಗ ವಾಲ್ಯೂಮ್ ಹೆಚ್ಚು ಮಾಡಾಕ ಬರಂಗಿಲ್ಲ,” ಎಂದಳು ಪದ್ಮಜಾ. ಆಮೇಲೆ, ಹಲ್ಲು ಬಿಗಿದು, ಈ ನೆಟ್‌ವರ್ಕನ್ನೆಲ್ಲಾ ಮೊದಲು ಹಾಕಿಕೊಟ್ಟವನು ಶ್ರೀಕರನೇ ಎಂದೂ, ಮಾವ ಅಳಿಯನಿಗೆ ದೀಪಾವಳಿಯಿಂದ ಮಾತು ಬಿಟ್ಟಿತ್ತೆಂದೂ ಹೇಳಿದಳು. ಬೇಲಿ ಕಟ್ಟಿದವನಿಗೆ ಅಜ್ಜಿಯ ಹೆಸರು ಹಾಕಿಕೊಂಡು ನುಗ್ಗುವುದೇನು ದೊಡ್ಡ ಕೆಲಸವೇ?

ಅವನೇ ಆಗಿರಲಿ, ಅಂದುಕೊಂಡ ಅಮರೇಶ್ವರ. ಹೊಟ್ಟೆಯಲ್ಲಿ ಹುಗ್ಗಿಯಿಲ್ಲದ ಜಾಗದಲ್ಲಿ ಆ ಆಸೆ ಕುದಿಯುತ್ತಿತ್ತು. ಮೈಕು ಹಿಡಿದ ಆ ಬಿಳಿ ಕೈಗೆ ಪೊಲೀಸರ ಬಳೆ ಬೀಳುವುದನ್ನು ಅವನು ಮನಸ್ಸಿನಲ್ಲಿ ಆಗಲೇ ನೋಡಿದ್ದ.

ತನ್ನ ಬಳಿಯಿದ್ದ ಶಶಿಧರನ ಮನೆಯ ಕೀಲಿಯನ್ನು ಪದ್ಮಜಾ ಕೊಟ್ಟಳು, ಅಮರೇಶ್ವರ ಒಬ್ಬನೇ ಅಲ್ಲಿಗೆ ಹೋದ. ಆದರೆ ಬಾಗಿಲು ತೆರೆದೇ ಇತ್ತು. ಮಾವನ ಫೋಟೊ, ಹಾಲಿನಿಂದ ತಂದ ಪಾತ್ರೆಗಳನ್ನು ಇಳಿಸಿ ಶ್ರೀಕರ್ ಡೆಕ್ಕಿನ ಗಾಜಿನ ಬಾಗಿಲ ಬಳಿ ಕೋಟು ಬಿಚ್ಚದೆ ನಿಂತಿದ್ದ. ಒಬ್ಬನೇ. ಅನು ಎಲ್ಲಿ ಎಂದು ಅಮರೇಶ್ವರ ಕೇಳಲಿಲ್ಲ. ಅವನಿಗೆ ಬೇಕಾದವನು ಇವನೇ.

ಅವನು ಶ್ರೀಕರನನ್ನು ದಾಟಿ ಡೆಕ್ಕಿಗೆ ಹೋದ. ಬಗ್ಗಿ, ಕಟಕಟೆಯ ಕೆಳಗೆ ಕೈ ಹಾಕಿದ. ರೂಪಾಯಿ ನಾಣ್ಯದಷ್ಟು ಅಗಲದ ಪ್ಲಾಸ್ಟಿಕ್ಕು. ಒತ್ತಿದ. ಟಿಕ್ ಎಂದಿತು. ಬಾಗಿಲಿನ ಬೀಗ ಅಲ್ಲಾಡಲಿಲ್ಲ.

“ಇದರ ಕೆಲಸ ತೆಗೆದದ್ದು ನೀನು,” ಎಂದ. ಬಹುವಚನ ಹಾಲಿನಲ್ಲೇ ಸತ್ತಿತ್ತು. “ಅಜ್ಜಿ ಹೆಸರಲ್ಲಿ ಒಳಗೆ ಬಂದು ತೆಗೆದೆ. ಮಾವ ಸಂಜೆ ಇಲ್ಲಿ ಬರ್ತಾನೆ ಅಂತ ನಿಂಗೆ ಗೊತ್ತಿತ್ತು. ಹಿಮ ಬೀಳುತ್ತೆ ಅಂತ ಇಡೀ ನ್ಯೂಜರ್ಸಿಗೆ ಗೊತ್ತಿತ್ತು.”

ಶ್ರೀಕರ್ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಫೋನು ತೆಗೆದು, ಒಂದು ಆ್ಯಪ್ ತೆರೆದು, ತಿರುಗಿಸಿ ಹಿಡಿದ. ಪರದೆಯ ಮೇಲೆ ಬೂದು ಅಕ್ಷರಗಳು. ಈ ಸಾಧನವನ್ನು ನೆಟ್‌ವರ್ಕಿನಿಂದ ತೆಗೆಯಲಾಗಿದೆ. ತಾರೀಖು ದೀಪಾವಳಿಯ ಮರುದಿನದ್ದು.

“ಓದು. ಓದೋಕೆ ಬರುತ್ತಲ್ಲ?”

ಅಮರೇಶ್ವರ ಓದಿದ.

ಶ್ರೀಕರ್ ಹೇಳಿದ್ದು ಇಷ್ಟು. ನೆಟ್‌ವರ್ಕು ಹಾಕಿಕೊಟ್ಟಿದ್ದು ತಾನೇ, ನಿಜ. ದೀಪಾವಳಿಯ ದಿನ ಮಾವನಿಗೆ ಒಂದು ಮಾತು ಹೇಳಿದ. ಹೊರಗೆ ಅಷ್ಟು ಗಟ್ಟಿ ಬೇಲಿ ಹಾಕಿದ್ದೀರಿ, ಒಳಗೆ ಒಂದು ಬಾಗಿಲೂ ಇಲ್ಲ; ಒಳಗಿರುವ ಯಾವ ಸಾಧನ ಬೇಕಾದರೂ ಏನು ಬೇಕಾದರೂ ಬದಲಾಯಿಸಬಹುದು; ಅಜ್ಜಿಯ ಟ್ಯಾಬಿಗೆ ದೀಪ ಹಚ್ಚುವ ಅಧಿಕಾರ ಒಂದು ಸಾಕು, ಮನೆಯ ಪೂರ್ತಿ ಅಧಿಕಾರ ಬೇಡ, ಯಾರಾದರೂ ಅದನ್ನು ಕೈಗೆ ತೆಗೆದುಕೊಂಡರೆ ಮನೆಯೇ ಅವರ ಕೈಗೆ. ಊಟಕ್ಕೆ ಕೂತ ನೆಂಟರ ಎದುರು ಹೇಳಿದ್ದು ತನ್ನ ತಪ್ಪು. ಮಾವ ಹೋಳಿಗೆ ತಟ್ಟೆ ಸರಿಸಿ ಎದ್ದುನಿಂತರು.

“‘ನಮ್ಮವ್ವನ್ನ ಕಳ್ಳಿ ಅಂತೀಯೇನು? ನನ್ನ ಮನಿಯೊಳಗ ನಮ್ಮವ್ವಗ ಪಾಸ್‌ವರ್ಡ್ ಹಾಕಬೇಕೇನು?’ ಅಂದ್ರು,” ಎಂದ ಶ್ರೀಕರ್. ಮಾವನ ಧಾಟಿ ಅವನ ಮೈಸೂರಿನ ಬಾಯಲ್ಲಿ ವಕ್ರವಾಗಿ ಬಂತು. “ಮಾರನೇ ದಿನ ನನ್ನನ್ನೇ ತೆಗೆದುಹಾಕಿದ್ರು. ಅಜ್ಜಿ ಟ್ಯಾಬ್ ಹಾಗೇ ಉಳೀತು. ನಾನು ಹೇಳಿದ್ದೇ ಸರಿ ಅಂತ ಈಗ ಪ್ರೂವ್ ಆಯ್ತು. ಇಟ್ಕೊಂಡು ಏನ್ ಮಾಡ್ಲಿ ಅದನ್ನ?”

“ಹೆಸರು ಬದಲಾಯಿಸಬಹುದು. ನಿನ್ನ ಬೇರೆ ಯಾವುದೋ ಲ್ಯಾಪ್‌ಟಾಪಿಗೆ ‘ಅವ್ವ’ ಅಂತ—”

“ಹೆಸರು ಬದಲಾಯಿಸಬಹುದು. ಕೀಲಿ ಆಗಲ್ಲ. ಆ ಕೀಲಿ ಹುಟ್ಟಿದ್ದು ಆ ಟ್ಯಾಬಿನೊಳಗೆ, ಹೊರಗೆ ಬರೋದೇ ಇಲ್ಲ ಅದು. ನಿಮ್ಮ ಮೇಡಂನ ಕೇಳು.”

ಕೇಳಬೇಕಿರಲಿಲ್ಲ. ಕ್ಷಮಾ ಮೇಡಂ ಇದನ್ನೇ ಹಿಂದಿನ ದಿನ ಎರಡು ಸಲ ಹೇಳಿದ್ದರು. ಅವನು ಕೇಳಿಸಿಕೊಂಡಿದ್ದ, ಈಗ ನೆನೆಯಲು ಮಾತ್ರ ಮನಸ್ಸಿರಲಿಲ್ಲ.

ಅಂದರೆ ಆ ಮಧ್ಯಾಹ್ನ ಯಾರೋ ಒಬ್ಬರು ಬ್ರಿಡ್ಜ್‌ವಾಟರ್‌ನ ಆ ಕೋಣೆಯಲ್ಲಿ, ಮುದುಕಿಯ ಮಂಚದ ಪಕ್ಕ, ಆ ಟ್ಯಾಬನ್ನು ಕೈಯಲ್ಲಿ ಹಿಡಿದಿದ್ದರು.

“ನೀನಂತೂ ಅಲ್ಲಿಗೆ ಹೋಗಿರ್ತೀಯ,” ಎಂದ. ಅವನ ದನಿಗೇ ಅದರಲ್ಲಿ ನಂಬಿಕೆಯಿರಲಿಲ್ಲ.

ಆ ದಿನ ತಾನು ಮ್ಯಾನ್‌ಹಟನ್‌ನಲ್ಲಿ ಆಫೀಸಿನಲ್ಲಿದ್ದೆ, ಹಿಮದಿಂದ ರೈಲು ನಿಂತು ರಾತ್ರಿ ಅಲ್ಲೇ ಉಳಿದೆ, ನೂರು ಜನ ಸಾಕ್ಷಿ ಹೇಳುತ್ತಾರೆ ಎಂದು ಶ್ರೀಕರ್ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಮುಖದಿಂದ ಹಾಲಿನ ಗತ್ತು ಕಳಚಿ ಬಿತ್ತು. ಗಾಜಿಗೆ ಹಣೆಯಾನಿಸಿದ.

“ಅಮರೇಶ್ವರ.” ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಬೆಳಿಗ್ಗೆ ಅಂದದ್ದಕ್ಕೆ ಬೇಕಾದ್ರೆ ಅದೇ ಮೈಕಲ್ಲಿ ಸಾರಿ ಕೇಳ್ತೀನಿ. ಎಲ್ಲರ ಮುಂದೆ. ನೀನು ಇದನ್ನ ಇಲ್ಲಿಗೆ ಬಿಡು. ಅಜ್ಜಿ ಹತ್ರ ಮಾತ್ರ ಹೋಗ್ಬೇಡ.”

“ಯಾಕೆ?”

ಶ್ರೀಕರ್ ಗಾಜಿನಿಂದ ಹಣೆ ತೆಗೆಯಲಿಲ್ಲ. ಅವನ ಉಸಿರಿಗೆ ಗಾಜು ಮಂಜಾಗಿ, ಹೊರಗಿನ ಹಿಮ ಮರೆಯಾಯಿತು.

ಹಾಲಿನಲ್ಲಿ ಅವಮಾನ ಮಾಡಿದವನು ಈಗ ಬೇಡುತ್ತಿದ್ದ. ಅವಮಾನವೂ ಇದಕ್ಕೇ ಇತ್ತೇನೋ, ಸಿಟ್ಟಿಗೆದ್ದು ಈ ಕೆಲಸ ಬಿಟ್ಟು ಓಡಿಹೋಗಲಿ ಎಂದು. ಯಾರನ್ನೋ ಮುಚ್ಚಿಡುತ್ತಿದ್ದಾನೆ. ಅಮರೇಶ್ವರ ಕಾರಿನ ಕೀಲಿ ಹುಡುಕಿದ.

ಬ್ರಿಡ್ಜ್‌ವಾಟರ್ ತಲುಪುವವರೆಗೂ ಇನ್ನೂ ಬೆಳಕಿತ್ತು, ಹಳೆಯ ಪಾತ್ರೆ ತೊಳೆದ ನೀರಿನಂಥ ಬೆಳಕು. ಹೆದ್ದಾರಿಯ ಎರಡೂ ಬದಿ ಔಷಧ ಕಂಪನಿಗಳ ಗಾಜಿನ ಕಟ್ಟಡಗಳು. ಅದರಲ್ಲೊಂದರಲ್ಲಿ ಶಶಿಧರ ಕೆಲಸ ಮಾಡುತ್ತಿದ್ದ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ತಾಯಿಯ ಬಳಿ ಅರ್ಧ ಗಂಟೆ ಕೂತು ಹೋಗುತ್ತಿದ್ದನಂತೆ.

ರಿಹ್ಯಾಬ್ ಸೆಂಟರಿನ ಒಳಗೆ ಬಿಸಿ, ಫಿನಾಯಿಲಿನ ವಾಸನೆ, ಟೀವಿಗಳ ಗದ್ದಲ. ಪದ್ಮಜಾಳ ಹೆಸರು ಹೇಳಿದ್ದಕ್ಕೆ ಒಳಗೆ ಬಿಟ್ಟರು. ರುದ್ರಮ್ಮ ಮಂಚದ ತಲೆಯ ಭಾಗ ಎತ್ತಿಸಿಕೊಂಡು ಕೂತಿದ್ದಳು. ಹಣೆಯ ತುಂಬ ವಿಭೂತಿ. ತೊಡೆಯ ಮೇಲೆ ಟ್ಯಾಬು.

“ಯಾರಪಾ ನೀ? ಶಶಿ ಕಳಿಸ್ಯಾನೇನು?”

ಪದ್ಮಜಾ ಆಂಟಿ ಕಳಿಸಿದರು, ಟ್ಯಾಬು ಸರಿ ಇದೆಯೋ ಇಲ್ಲವೋ ನೋಡಿಬಾ ಎಂದರು ಎಂದ ಅವನು. ಸುಳ್ಳು ಸಲೀಸಾಗಿ ಬಂತು. ಊರು ಯಾವುದು ಎಂದಳು. ತನ್ನ ತಾಯಿ ಲಿಂಗಸೂಗೂರಿನ ಕಡೆಯವಳು ಎಂದ ತಕ್ಷಣ ಮುದುಕಿಯ ಮುಖ ಅರಳಿತು. ಹಾಗಾದರೆ ನಮ್ಮ ಮಂದಿಯೇ ಬಿಡು ಎಂದು, ಟ್ರೇಯ ಮೇಲಿದ್ದ ಕೆಂಪು ಜೆಲ್ಲಿಯ ಬಟ್ಟಲನ್ನು ಅವನತ್ತ ತಳ್ಳಿದಳು.

“ತಿನ್ನು. ನನಗ ಸೇರಂಗಿಲ್ಲ ಅದು. ಮುಟ್ಟಿದ್ರ ನಡಗತದ, ನನ್ನ ಕಾಲು ನಡಗಿದಂಗ.”

ಅವನಿಗೆ ನಗು ಬಂತು, ನಗಲಾಗಲಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ಅವಳ ಕಣ್ಣೆದುರೇ ಆ ಜೆಲ್ಲಿಯನ್ನು ಪೂರ್ತಿ ತಿಂದ.

“ಜರ್ಮನಿಯೊಳಗ ಫೋನ್ ಇರಂಗಿಲ್ಲೇನು, ತಮ್ಮಾ?” ಎಂದಳು ಇದ್ದಕ್ಕಿದ್ದಂತೆ.

ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ, ಕೆಲಸ ಜಾಸ್ತಿ ಇರಬೇಕು ಎಂದ. ಎರಡನೆಯ ಸುಳ್ಳು.

ಕಿಟಕಿಯ ಆಚೆ ಬೆಳಕು ಇಳಿಯುತ್ತಿತ್ತು. ರುದ್ರಮ್ಮ ಮಾತು ನಿಲ್ಲಿಸಿ, ಒದ್ದೆ ಟಿಶ್ಯೂವಿನಿಂದ ಎರಡೂ ಕೈ ಒರೆಸಿಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಟ್ಯಾಬಿನ ಮೇಲಿನ ದೀಪದ ಚಿತ್ರವನ್ನು ತೋರುಬೆರಳಿನಿಂದ ಒತ್ತಿದಳು. ಪರದೆಯಲ್ಲಿ, ಈಸ್ಟ್ ಬ್ರನ್ಸ್‌ವಿಕ್‌ನ ಪೂಜೆಯ ಕೋಣೆಯಲ್ಲಿ, ಹಳದಿ ಬಲ್ಬು ಹೊತ್ತಿಕೊಂಡಿತು. ಕೈ ಮುಗಿದಳು.

ಈಗ ಅಲ್ಲಿ ಆ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಮಗ ಸತ್ತ ಮೇಲೂ ದಿನಾ ಸಂಜೆ ಇವಳು ಹೀಗೇ ಬೀಗ ಹಾಕುತ್ತಿದ್ದಾಳೆ.

ದೀಪದ ಚಿತ್ರದ ಕೆಳಗೆ ಇನ್ನೊಂದು ಚಿತ್ರವಿತ್ತು. ತೆರೆದ ಬಾಗಿಲು.

“ಇದು ಏನು, ಅಜ್ಜಿ?”

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಅದನ್ಯಾಕ ಕೇಳತಿ. ನಾ ಒಂದು ಕಿತಾಪತಿ ಮಾಡೀನಿ.”

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಏನು ಮಾಡಿದಿರಿ ಎಂದು ಕೇಳಿದ.

ಮಗ ಹೊರಗೆ ನಿಂತು ಸಿಗರೇಟು ಸೇದುತ್ತಾನೆ, ತನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ ಎಂದಳು. ಹೆತ್ತವಳಿಗೆ ಮಗನ ಬಾಯಿ ವಾಸನೆ ತಿಳಿಯುವುದಿಲ್ಲವೇ. ಎಷ್ಟು ಸಲ ಬಿಡು ಎಂದರೂ ಬಿಡಲಿಲ್ಲ. ಅದರ ಮೇಲೆ ಆ ವಾರ ಹಿಮ, ರಸ್ತೆ ಸರಿಯಿಲ್ಲ, ಮನೆಯಿಂದಲೇ ಆಫೀಸು ಎಂದು ಹೇಳಿ ತಾಯಿಯ ಕಡೆ ಮುಖ ಹಾಕಿರಲಿಲ್ಲ. ಫೋನೂ ಒಂದೆರಡು ಮಾತಿಗೆ ಮುಗಿಯುತ್ತಿತ್ತು. ಅವಳಿಗೆ ಸಿಟ್ಟು ಬಂದಿತ್ತು. ಮಗನ ದನಿ ಕೇಳಬೇಕಿತ್ತು.

“ಅವತ್ತ ಮಧ್ಯಾಹ್ನ ನನ್ನ ಮೊಮ್ಮಗಳು ಬಂದಿದ್ಲು, ಅನು,” ಎಂದಳು. “ನಾ ಬಾಗಲಾ ಹಾಕಿದ ಮ್ಯಾಲೆ ನಿಮ್ಮಪ್ಪ ಒಳಗ ಹೆಂಗ ಬರತಾನ ಅಂತ ಕೇಳಿದೆ. ಬಟನ್ ಐತಿ ಅಜ್ಜಿ ಅಂದ್ಲು. ಹಂಗಾರ ಇವತ್ತೊಂದಿನ ಆ ಬಟನ್ ಬಂದ್ ಮಾಡು ಅಂದೆ. ತೆಗಿಯೂದು ನನ್ನ ಕೈಯಾಗ ಇರಲಿ. ಅವಾ ನನಗ ಫೋನ್ ಹಚ್ಚಬೇಕು, ‘ಯವ್ವಾ, ಚಳಿ, ಬಾಗಲಾ ತೆಗಿ’ ಅನಬೇಕು. ಸಿಗರೇಟು ಬಿಡತೀನಿ ಅಂತ ನನ್ನ ಮ್ಯಾಲೆ ಆಣಿ ಮಾಡಿದ್ರಷ್ಟ ತೆಗೀತೀನಿ ಅನ್ನಾಕಿ ಇದ್ದೆ.”

ಅಮರೇಶ್ವರ ಟ್ಯಾಬಿನ ಮೇಲಿನ ತೆರೆದ ಬಾಗಿಲಿನ ಚಿತ್ರ ನೋಡುತ್ತಾ ಕೂತಿದ್ದ.

“ಆಕಿಗೂ ನಗು. ‘ಫನ್ನಿ, ಅಜ್ಜಿ’ ಅಂದ್ಲು. ಇಲ್ಲೇ, ನೀ ಕುಂತ ಕುರ್ಚಿಯಾಗ ಕುಂತು ಮಾಡಿಕೊಟ್ಲು. ಇಬ್ಬರೂ ಭಾಳ ನಕ್ಕಿವಿ.”

ನೆಲ ನೋಡುತ್ತಿದ್ದ ಅನುಶ್ರೀ. ಗಾಜಿಗೆ ಹಣೆಯಾನಿಸಿದ್ದ ಶ್ರೀಕರ್. ಕೊಲೆಗಾರನ ಹೆಸರು ಬೇಕೆಂದು ಹಟ ಹಿಡಿದಿದ್ದ ಪದ್ಮಜಾ, ಇದೇ ಮುದುಕಿಯ ಮಗಳು. ಅಮರೇಶ್ವರ ಬೆಳಿಗ್ಗೆಯಿಂದ ಒಬ್ಬನ ಕುತ್ತಿಗೆ ಹುಡುಕಿಕೊಂಡು ಬಂದಿದ್ದ. ಸಿಟ್ಟು ಇನ್ನೂ ಹಾಗೇ ಇತ್ತು, ಹಾಕಲು ಜಾಗವಿರಲಿಲ್ಲ.

“ಆಮೇಲೆ?” ಎಂದ. ಕೇಳಬಾರದಿತ್ತು.

“ಆಮ್ಯಾಲೇನು. ದೀಪ ಹಚ್ಚಿದೆ. ಫೋನ್ ಕೈಯಾಗ ಹಿಡಕೊಂಡು ಕುಂತೆ. ಈಗ ಬರತದ, ಈಗ ಬರತದ ಅಂತ.” ನಗು ಅವಳ ಮುಖದ ಮೇಲೆ ಉಳಿದಿತ್ತು, ದನಿಯಲ್ಲಿ ಇರಲಿಲ್ಲ. “ಕಾಲು ನೋವಂತ ನರ್ಸ್ ಗುಳಿಗಿ ಕೊಟ್ಲು. ಹಾಳಾದ ಗುಳಿಗಿ, ಕಣ್ಣು ಹತ್ತಿಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದೆ. ಫೋನ್ ಬಂದಽ ಇರಲಿಲ್ಲ.”

ಬಾಗಿಲ ಬಳಿ ಬೂಟಿನ ಸದ್ದಾಯಿತು. ಅನುಶ್ರೀ. ಕೋಟಿನ ಗುಂಡಿ ಒಂದೊಂದು ಕಡೆ ಒಂದೊಂದು ತಪ್ಪಾಗಿ ಹಾಕಿಕೊಂಡಿದ್ದಳು. ಗಂಡ ಫೋನ್ ಮಾಡಿರಬೇಕು, ಓಡಿ ಬಂದಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

“ಬಾ, ಅನು. ಇವಂಗ ನಮ್ಮ ಕಿತಾಪತಿ ಹೇಳಾಕತ್ತಿದ್ದೆ,” ಎಂದಳು ರುದ್ರಮ್ಮ.

ಅನುಶ್ರೀ ಅಜ್ಜಿಯನ್ನು ನೋಡಲಿಲ್ಲ. ಅಮರೇಶ್ವರನನ್ನೇ ನೋಡುತ್ತಾ, ಕಂಡೂ ಕಾಣದಷ್ಟು ತಲೆಯಾಡಿಸಿದಳು. ಹೇಳಬೇಡ ಎಂದೋ. ಹೇಳಿ ಮುಗಿಸಿಬಿಡು ಎಂದೋ.

ಅವನ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಪದ್ಮಜಾಳ ಮೆಸೇಜು. ಹೆಸರು ಸಿಕ್ಕಿತಾ? ಪೊಲೀಸ್ ಸ್ಟೇಷನ್ ಮುಂದೆ ಕಾರಿನಲ್ಲಿ ಕೂತಿದ್ದೇನೆ.

ಮುದುಕಿ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಒಣಗಿದ ಕೈ, ಎಣಿಸದಷ್ಟು ಬಲವಿತ್ತು ಅದರಲ್ಲಿ.

“ನೀ ನಮ್ಮ ಮಂದಿ. ನನಗ ಯಾರೂ ನೆಟ್ಟಗ ಹೇಳವಲ್ರು. ಜರ್ಮನಿ ಅಂತಾರ, ಕೆಲಸ ಅಂತಾರ. ಅವತ್ತಿಂದ ನನ್ನ ಮಗ ನನ್ನ ಕೂಡ ಮಾತಾಡಿಲ್ಲ. ಚಳಿಯಾಗ ನಿಲ್ಲಿಸಿದೆ ಅಂತ ನನ್ನ ಮ್ಯಾಲೆ ಸಿಟ್ಟಾಗ್ಯಾನೇನಪಾ? ಅಷ್ಟ ಹೇಳಿಬಿಡು.”

ಸುಳ್ಳು ಬಾಯಿಯವರೆಗೆ ಬಂತು. ಆಗಲೇ ಎರಡು ಸಲ ಎಷ್ಟು ಸಲೀಸಾಗಿ ಬಂದಿತ್ತೋ ಅಷ್ಟೇ ಸಲೀಸಾಗಿ ಬಂದು, ಹಲ್ಲಿನ ಹಿಂದೆ ನಿಂತುಬಿಟ್ಟಿತು.

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಎದ್ದ. ಬಾಗಿಲಲ್ಲಿ ಅನುಶ್ರೀ ಪಕ್ಕಕ್ಕೆ ಸರಿಯಲಿಲ್ಲ, ಅವನೇ ಭುಜ ಓರೆ ಮಾಡಿ ದಾಟಿದ.

“ತಮ್ಮಾ,” ಎಂದಳು ಒಳಗಿನಿಂದ ರುದ್ರಮ್ಮ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಅನು, ಇವಾ ಯಾಕ ಏನೂ ಅನವಲ್ಲ?”

ಉದ್ದನೆಯ ಕಾರಿಡಾರು. ಅವನು ತಿರುಗಿ ನೋಡಲಿಲ್ಲ. ನಡೆಯುತ್ತಲೇ ಹೋದ.